ಅರ್ಜಿ ಕೊಟ್ಟವಳ ಕಡೆ ಯಾರು ಕೂರುತ್ತಾರೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ನಾವು ಎಷ್ಟೋ ಹೆಣ್ಣುಮಕ್ಕಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದೇವೆ. ಉಣ್ಣಲು ಏನೂ ಇಲ್ಲದ ಮನೆಯಲ್ಲಿ ಆ ಜಗಳ ಯಾವಾಗ ಮುಗಿಯಬೇಕು ಎಂದು ಮಾತ್ರ ನಾವು ಕೇಳಿಕೊಂಡಿಲ್ಲ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ ಹುಟ್ಟುವುದು ಈ ಪ್ರಶ್ನೆಯಿಂದ.

ಕತೆ ಹಲವರಿಗೆ ಗೊತ್ತಿರುವಂಥದೇ. ಆಟೋ ಓಡಿಸುವ ಯಾಕೂಬ್, ಮೂರೂ ಹೆಣ್ಣಾದವು ಎಂಬ ಕಾರಣಕ್ಕೆ ಹೆಂಡತಿ ಅಶ್ರಫಳನ್ನು ಕೈಬಿಟ್ಟು ಇನ್ನೊಂದು ಮದುವೆಯಾಗುತ್ತಾನೆ. ಕಾಯಿಲೆಯ ಮಗುವನ್ನು ಎತ್ತಿಕೊಂಡು ಅವಳು ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗುವುದಿಲ್ಲ, ಮಗು ಉಳಿಯುವುದಿಲ್ಲ. ಕೊನೆಗೆ ಊರಿನ ಹೆಂಗಸರ ಶಾಪ ಮುತವಲ್ಲಿಯನ್ನು ಸುತ್ತಿಕೊಳ್ಳುತ್ತದೆ. 2004ರಲ್ಲಿ ಗಿರೀಶ್ ಕಾಸರವಳ್ಳಿ ಇದನ್ನು ‘ಹಸೀನಾ’ ಎಂಬ ಚಿತ್ರವಾಗಿಸಿದರು. ಅದರ ಪಾತ್ರಕ್ಕೆ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲೂ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಈ ಕತೆ ಇದೆ.

ಇಷ್ಟು ವರ್ಷಗಳಲ್ಲಿ ಈ ಕತೆಗೆ ಮುಖ್ಯವಾಗಿ ಎರಡು ಬಗೆಯ ಓದುಗರು ಸಿಕ್ಕಿದ್ದಾರೆ. ಮನೆಯ ಮಾತನ್ನು ಬೀದಿಗೆ ತಂದಳು ಎಂದು ಮುನಿಸಿಕೊಂಡವರು ಒಂದು ಕಡೆ. ಮುಸ್ಲಿಮ್ ಹೆಣ್ಣಿನ ಶತ್ರು ಅವಳ ಧರ್ಮವೇ ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದವರು ಇನ್ನೊಂದು ಕಡೆ. ಇಬ್ಬರೂ ಅಶ್ರಫಳನ್ನು ಸರಿಯಾಗಿ ನೋಡಿಲ್ಲ ಎನಿಸುತ್ತದೆ. ಅವಳು ಷರೀಅತ್ತಿನ ವಿರುದ್ಧ ದೂರು ತಂದವಳಲ್ಲ, ಷರೀಅತ್ ತನಗೆ ಕೊಟ್ಟದ್ದನ್ನು ಕೇಳಲು ಬಂದವಳು. ಆ ಹಕ್ಕಿನ ಮಾತನ್ನು ಅವಳ ಕಿವಿಗೆ ಹಾಕುವವಳು ಜುಲೇಖಾ ಬೇಗಂ ಎಂಬ ಓದಿದ ಹೆಂಗಸು. ಅವಳಿಗೆ ಸಿಗದೇ ಹೋದದ್ದು ಕೇಳುವ ಕಿವಿ. ಆದ್ದರಿಂದ ಇದನ್ನು ಒಂದು ಕೆಟ್ಟುಹೋದ ರಾಜಿ ಪಂಚಾಯಿತಿಯ ಕತೆಯಾಗಿ ಓದಬೇಕು. ಕೋರ್ಟಿಗೆ ಹೋಗದೆ ಮನೆಯ ಜಗಳ ಬಗೆಹರಿಸಿಕೊಳ್ಳಿ ಎಂದು ಸರಕಾರ, ನ್ಯಾಯಾಲಯ, ವಕೀಲರು ಎಲ್ಲರೂ ಹೇಳುತ್ತಿರುವ ಈ ದಿನಗಳಲ್ಲಿ ಆ ಓದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದಂಪತಿಗಳ ನಡುವೆ ಒಡಕಿನ ಭಯವಿದ್ದರೆ ಗಂಡನ ಕುಟುಂಬದಿಂದ ಒಬ್ಬ, ಹೆಂಡತಿಯ ಕುಟುಂಬದಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 35ನೇ ಸೂಕ್ತ ಹೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮಧ್ಯಸ್ಥರ ಸಂಖ್ಯೆ. ಒಬ್ಬನಲ್ಲ, ಇಬ್ಬರು. ಅವರಲ್ಲಿ ಒಬ್ಬ ಕಡ್ಡಾಯವಾಗಿ ಅವಳ ಕಡೆಯವನು. 2002ರ ಶಮೀಮ್ ಆರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು: ತಲಾಕಿಗೆ ತಕ್ಕ ಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ರಾಜಿಯ ಪ್ರಯತ್ನ ನಡೆದಿರಬೇಕು. ಈ ಅಳತೆಗೋಲನ್ನು ಕತೆಯ ಮೇಲೆ ಇಟ್ಟು ನೋಡಿ. ಅಶ್ರಫಳ ಕಡೆಯಿಂದ ಕೂರುವವರು ಯಾರೂ ಇಲ್ಲ. ಇಡೀ ಅಧಿಕಾರ ಮುತವಲ್ಲಿ ಒಬ್ಬನಲ್ಲೇ ಕೂಡಿಕೊಂಡಿದೆ. ಆ ಅಧಿಕಾರವಾದರೂ ಎಲ್ಲಿಂದ ಬಂತು? ವಕ್ಫ್ ಕಾನೂನಿನ ಪ್ರಕಾರ ಮುತವಲ್ಲಿಯೆಂದರೆ ವಕ್ಫ್ ಆಸ್ತಿಯ ಮೇಲ್ವಿಚಾರಕ, ಲೆಕ್ಕ ಇಡುವವನು. ಕಾಜಿಗಳಿಗೇ 1880ರ ಕಾಜಿಗಳ ಕಾಯ್ದೆ ತೀರ್ಪು ಕೊಡುವ ಅಧಿಕಾರ ಕೊಟ್ಟಿಲ್ಲ, ಮುತವಲ್ಲಿಯ ಮಾತು ದೂರವೇ ಉಳಿಯಿತು. ನಮ್ಮ ಊರುಗಳಲ್ಲಿ ಕಟ್ಟಡದ ಬೀಗದ ಕೈ ಯಾರ ಬಳಿ ಇದೆಯೋ ಅವರೇ ಕುಟುಂಬಗಳ ನ್ಯಾಯಾಧೀಶರೂ ಆಗಿಬಿಡುತ್ತಾರೆ. ಈ ಗೊಂದಲವನ್ನು ಬಾನು ಅವರು ಭಾಷಣವಿಲ್ಲದೆ ತೋರಿಸಿದ್ದಾರೆ.

ಕತೆಯ ನಿಜವಾದ ಬಲ ಕಾಯುವಿಕೆಯ ಚಿತ್ರಣದಲ್ಲಿದೆ. ಅಶ್ರಫಳಿಗೆ ‘ನಿನಗೆ ಹಕ್ಕಿಲ್ಲ’ ಎಂಬ ತೀರ್ಪು ಬಂದಿದ್ದರೆ ಅವಳು ಜಗಳವಾಡಬಹುದಿತ್ತು. ಅವಳಿಗೆ ಸಿಗುವುದು ಮುಂದೂಡಿಕೆ. ವಿಳಂಬ ಎಂದೂ ಇಬ್ಬರಿಗೂ ಸಮನಾಗಿರುವುದಿಲ್ಲ. ದುಡಿಮೆಯೂ ಹೊಸ ಸಂಸಾರವೂ ಇರುವ ಯಾಕೂಬನಿಗೆ ಒಂದು ದಿನ ಕಳೆದರೆ ಏನೂ ನಷ್ಟವಿಲ್ಲ. ಮಗುವಿನ ಮೈ ಸುಡುತ್ತಿರುವ ತಾಯಿಗೆ ಒಂದು ರಾತ್ರಿಯೂ ಬಹಳ. ಯಾರ ಕಡೆಗೂ ವಾಲದೆ ಸುಮ್ಮನಿದ್ದೇನೆ ಎಂದುಕೊಳ್ಳುವ ಮಧ್ಯಸ್ಥ, ಸುಮ್ಮನಿರುವ ಮೂಲಕವೇ ಗಂಡನ ಕಡೆ ವಾಲಿರುತ್ತಾನೆ.

ಇನ್ನೊಂದು ಎಳೆ ಮುತವಲ್ಲಿಯ ಹೆಂಡತಿ ಅಮೀನಾಳದು. ಹೆತ್ತು ಹೆತ್ತು ದಣಿದಿರುವ ಅವಳು ಸಂತಾನಹರಣ ಚಿಕಿತ್ಸೆ ಬೇಕೆನ್ನುತ್ತಾಳೆ, ಅವನು ಒಪ್ಪುವುದಿಲ್ಲ. ಊರಿನ ವ್ಯಾಜ್ಯ ಬಗೆಹರಿಸುವವನ ಮನೆಯಲ್ಲೇ ಕೇಳಿಸಿಕೊಳ್ಳದ ಅರ್ಜಿಯೊಂದು ಬಿದ್ದಿದೆ. ಕೊನೆಯಲ್ಲಿ ಅವಳು ತನ್ನ ನಿರ್ಧಾರ ತಾನೇ ಮಾಡಿಕೊಂಡು ಆಸ್ಪತ್ರೆಗೆ ಹೊರಡುವುದು, ನನ್ನ ಮಟ್ಟಿಗೆ, ಆ ಶಾಪಕ್ಕಿಂತ ದೊಡ್ಡ ಘಟನೆ.

ಆದರೂ ಈ ಕತೆಯ ಮೇಲೆ ನನಗೊಂದು ತಕರಾರಿದೆ. ಮುತವಲ್ಲಿಯ ಪಾತ್ರಕ್ಕೆ ಕಪ್ಪು ಬಣ್ಣ ಹೆಚ್ಚಾಯಿತು. ಅವನನ್ನು ದ್ವೇಷಿಸುವುದು ಸುಲಭ, ‘ನಮ್ಮ ಮಹಲ್ಲಾದವರು ಹಾಗಿಲ್ಲ’ ಎಂದು ಪುಸ್ತಕ ಮುಚ್ಚುವುದು ಇನ್ನೂ ಸುಲಭ. ಜಮಾಅತಿನಲ್ಲಿ ಕೂರುವ ಅನೇಕರು ಕೆಟ್ಟವರಲ್ಲ. ಅಂಗಡಿ ಮುಚ್ಚಿ ಬಂದು, ಇಶಾ ನಮಾಜಿನ ನಂತರ ಗಂಟೆಗಟ್ಟಲೆ ಕೂತು, ಬಿಡಿಗಾಸು ಪಡೆಯದೆ ಎಷ್ಟೋ ಮನೆಗಳನ್ನು ಉಳಿಸಿದ್ದಾರೆ. ಅಂಥ ಒಳ್ಳೆಯವರೇ ಸೇರಿ ‘ಸ್ವಲ್ಪ ಸಹಿಸಿಕೋ ಅಮ್ಮಾ, ಮಕ್ಕಳ ಮುಖ ನೋಡು’ ಎಂದು ಏಟು ತಿಂದವಳನ್ನು ಹೊಡೆದವನ ಮನೆಗೆ ಮರಳಿಸುತ್ತಾರಲ್ಲ, ಆ ಕತೆ ಇದಕ್ಕಿಂತ ಕಷ್ಟದ್ದು. ಅದು ನಮ್ಮನ್ನು ಹೆಚ್ಚು ಚುಚ್ಚುತ್ತಿತ್ತು. ಶಾಪದ ಮುಕ್ತಾಯವೂ ಹಾಗೆಯೇ. ಕೇಳಲು ಮೈ ನಡುಗುತ್ತದೆ, ಆದರೆ ಬೇರೆ ದಾರಿಗಳೆಲ್ಲ ಮುಗಿದಲ್ಲಿ ಮಾತ್ರ ಶಾಪ ಹುಟ್ಟುತ್ತದೆ. ಕೋರ್ಟಿನ ಮೆಟ್ಟಿಲು ಕತೆಯ ಹೊರಗೇ ಉಳಿದಿದೆ.

ಲೇಖಕಿ ಸ್ವತಃ ಹಾಸನದ ವಕೀಲೆ. ಅಶ್ರಫಳಂಥವರಿಗೆ ಕಾನೂನಿನಲ್ಲಿ ದಾರಿ ಇಲ್ಲವೆಂದು ಅವರಿಗೆ ಅನಿಸಿರಲಾರದು. ಜೀವನಾಂಶಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಇತ್ತು. 2024ರ ಜುಲೈಯಿಂದ ಅದರ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಎರಡು ವರ್ಷ ಸಾಕದೆ ಬಿಟ್ಟ ಗಂಡನಿಂದ ಬಿಡುಗಡೆ ಪಡೆಯಲು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಇದೆ. ಆದರೆ ವಕೀಲರ ಫೀಸು, ಬಸ್ ಚಾರ್ಜು, ಕೂಲಿ ಬಿಟ್ಟು ಅಲೆಯುವ ದಿನಗಳು, ವಾಯಿದೆಯ ಮೇಲೆ ವಾಯಿದೆ! ಆದೇಶ ಬಂದ ಮೇಲೂ ಹಣ ವಸೂಲಾಗಬೇಕು. ಕಾಯಿಸುವುದರಲ್ಲಿ ಕೋರ್ಟು ಮುತವಲ್ಲಿಗಿಂತ ಹಿಂದೆ ಬಿದ್ದಿಲ್ಲ.

ಅದಕ್ಕೇ ಬೇರೆ ದಾರಿಯ ಹುಡುಕಾಟ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಕಲಮು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ ಎನ್ನುತ್ತದೆ. 2002ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು ಜಾರಿಗೆ ಬಂತು, 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆಯಿತು. ವೈವಾಹಿಕ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಲು ಎಲ್ಲ ಪ್ರಯತ್ನ ಮಾಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಮಧ್ಯಸ್ಥಿಕೆಗೇ ಒಂದು ಕಾಯ್ದೆಯಾಯಿತು. ಕ್ರಮವೂ ಒಳ್ಳೆಯದೇ. ಮಧ್ಯಸ್ಥರು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಬೇರೆ ಬೇರೆಯಾಗಿ ಕೇಳುತ್ತಾರೆ. ಗುಟ್ಟಾಗಿ ಹೇಳಿದ್ದು ಎದುರು ಪಕ್ಷಕ್ಕೂ ನ್ಯಾಯಾಧೀಶರಿಗೂ ಹೋಗುವುದಿಲ್ಲ. ಅವರು ತೀರ್ಪು ಕೊಡುವುದಿಲ್ಲ. ಒಪ್ಪಿದರೆ ಬರಹಕ್ಕಿಳಿಯುತ್ತದೆ, ಇಲ್ಲದಿದ್ದರೆ ಪ್ರಕರಣ ಕೋರ್ಟಿಗೇ ಮರಳುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ 1990ರಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡೂ ಕಡೆಯ ವಕೀಲರು ರಾಜಿಗಾಗಿ ಮಾತ್ರ ದುಡಿಯುತ್ತಾರೆ, ರಾಜಿ ಮುರಿದರೆ ಇಬ್ಬರೂ ಪ್ರಕರಣದಿಂದ ಹಿಂದೆ ಸರಿಯುತ್ತಾರೆ. ಜಗಳ ಉದ್ದವಾದಷ್ಟೂ ಫೀಸು ಹೆಚ್ಚು ಎಂಬ ವಕೀಲಿಕೆಯ ಹಳೆಯ ರೋಗಕ್ಕೆ ಅದು ಮದ್ದು.

ಆದರೆ ಕತೆ ಕಲಿಸಿದ ಪ್ರಶ್ನೆಗಳನ್ನು ಈ ಹೊಸ ಕೋಣೆಗಳಿಗೂ ಕೇಳಬೇಕು. ಮೇಜು ದುಂಡಗಿದ್ದ ಮಾತ್ರಕ್ಕೆ ಕೂತವರು ಸಮಾನರಾಗುವುದಿಲ್ಲ. ಒಬ್ಬನ ಹಿಂದೆ ಸಂಬಳ, ಅಣ್ಣತಮ್ಮಂದಿರು, ವಕೀಲ. ಇನ್ನೊಬ್ಬಳ ಹಿಂದೆ ‘ಹೇಗಾದರೂ ಮುಗಿಸಿಕೊಂಡು ಬಾ’ ಎನ್ನುವ ತವರು. ದಣಿವಿನಿಂದ ಬಂದ ‘ಹೂಂ’ ಒಪ್ಪಿಗೆಯಾಗಿ ದಾಖಲಾದರೆ ಅದಕ್ಕೂ ರಾಜಿ ಎಂದೇ ಹೆಸರು. ಲೋಕ ಅದಾಲತ್ತಿನ ಇತ್ಯರ್ಥಕ್ಕೆ ಮೇಲ್ಮನವಿಯೂ ಇಲ್ಲ ಎಂಬುದನ್ನು ಸಹಿ ಹಾಕುವ ಮೊದಲು ಅವಳಿಗೆ ಯಾರಾದರೂ ಹೇಳಿರಬೇಕು. ಆದ್ದರಿಂದ ಎಲ್ಲ ಮಧ್ಯಸ್ಥಿಕೆಗೂ, ಅದು ಮಸೀದಿಯ ಚಾಪೆಯ ಮೇಲಿರಲಿ, ವಕೀಲರ ಕಚೇರಿಯಲ್ಲಿರಲಿ, ಮೂರು ಪ್ರಶ್ನೆ. ಅವಳ ಕಡೆ ಯಾರು ಕೂತಿದ್ದಾರೆ? ತಡವಾದರೆ ನಷ್ಟ ಯಾರಿಗೆ? ಅವಳು ‘ಬೇಡ’ ಎಂದರೆ ಎಲ್ಲಿಗೆ ಹೋಗಬಹುದು? ಮೂರನೆಯದೇ ಮುಖ್ಯ. ಹಿಂದೆ ಕೋರ್ಟಿನ ಬಾಗಿಲು ತೆರೆದಿದ್ದಾಗಲೇ ರಾಜಿಗೆ ಮರ್ಯಾದೆ.

2014ರಲ್ಲಿ ಸುಪ್ರೀಂ ಕೋರ್ಟ್ ದಾರುಲ್ ಕಝಾಗಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಇಷ್ಟವಿದ್ದವರು ಹೋಗಬಹುದು, ಆ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಹೇರುವಂತಿಲ್ಲ. ಅಂದರೆ ನಮ್ಮ ಜಮಾಅತುಗಳಿಗೆ ಜಾಗ ಉಳಿದಿದೆ. ಅದನ್ನು ಹೇಗೆ ಬಳಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಇಬ್ಬರು ಮಧ್ಯಸ್ಥರು, ಕೂಟದಲ್ಲಿ ಹೆಂಗಸರು, ಗೊತ್ತುಪಡಿಸಿದ ಗಡುವು, ಮಾತುಕತೆ ನಡೆಯುವಷ್ಟು ದಿನ ಹೆಂಡತಿ ಮಕ್ಕಳ ಖರ್ಚು, ಏಟು ಬಿದ್ದಿದ್ದರೆ ರಾಜಿಯ ಮಾತೇ ಬೇಡ ಎಂಬ ನಿಯಮ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಯಾವುದೇ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬ ಒಂದು ಸಾಲನ್ನು ಮಸೀದಿಯ ನೋಟೀಸು ಬೋರ್ಡಿನಲ್ಲಿ ಬರೆಯಲು ಎಷ್ಟು ಖರ್ಚಾದೀತು? 2019ರ ಕಾನೂನು ಒಂದೇ ಉಸಿರಿನ ತಲಾಕಿಗೆ ಮೂರು ವರ್ಷಗಳವರೆಗೆ ಜೈಲು ಇಟ್ಟಿತು. ತಲಾಕ್ ಎನ್ನದೆಯೇ ಸುಮ್ಮನೆ ಬಿಟ್ಟುಹೋದವನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಬಿಡಲ್ಪಟ್ಟವಳು ಮೊದಲು ಬರುವುದು ಈಗಲೂ ನಮ್ಮ ಬಳಿಗೇ.

‘ಕರಿ ನಾಗರಗಳು’ ಕತೆಯನ್ನು ಇನ್ನೊಮ್ಮೆ ಓದುವವರು ಶಾಪದ ಪುಟಕ್ಕೆ ಬೇಗ ಓಡಬೇಡಿ. ಅದಕ್ಕೂ ಮೊದಲು, ಮಸೀದಿಯ ಅಂಗಳದಲ್ಲಿ ಅವಳು ಕೂತಿರುವ ಪುಟಗಳಲ್ಲಿ ಸ್ವಲ್ಪ ನಿಲ್ಲಿ. ಆಗ ಮಗು ಇನ್ನೂ ಉಸಿರಾಡುತ್ತಿತ್ತು.