ಕೃಪೆ, ನಂಬಿಕೆ, ನೇಮನಿಷ್ಠೆ: ಕನ್ನಡ ಬೈಬಲ್ಲಿನ ಪರಿಭಾಷೆ ಮತ್ತು ಹಾವೇರಿ ಸೀಮೆಯ ಭಕ್ತಿಪರಂಪರೆ

ಕನ್ನಡದ ಭಕ್ತಿಸಾಹಿತ್ಯವನ್ನು ಕ್ರೈಸ್ತ ಚಿಂತನೆಯೊಂದಿಗೆ ಇಟ್ಟು ನೋಡುವ ಬರಹಗಳಲ್ಲಿ ಎರಡು ಬಗೆಯ ತೀರ್ಮಾನಗಳು ರೂಢಿಯಾಗಿವೆ. ಹತ್ತೊಂಬತ್ತನೆಯ ಶತಮಾನದ ಮಿಷನರಿ ಪ್ರಚಾರ ಸಾಹಿತ್ಯದಿಂದ ಬಂದದ್ದು ಒಂದು: ಈ ನೆಲದ ಮತಗಳು ಕರ್ಮವನ್ನೂ ಪುಣ್ಯಸಂಚಯವನ್ನೂ ನೆಚ್ಚಿದವು, ಅರ್ಹತೆಯಿಲ್ಲದವನಿಗೂ ದೊರೆಯುವ ಕೃಪೆ ಕ್ರೈಸ್ತಧರ್ಮದ ಸ್ವತ್ತು ಎಂಬುದು. ಇನ್ನೊಂದು, ಸಮನ್ವಯದ ಸದುದ್ದೇಶದಿಂದ ಹುಟ್ಟಿದ್ದು: ಕನಕದಾಸರ ಶರಣಾಗತಿಯೂ ಪೌಲನ ಕೃಪಾಸಿದ್ಧಾಂತವೂ ಒಂದೇ, ಶರಣರ ಕಾಯಕವೂ ಯಾಕೋಬನ ಪತ್ರಿಕೆಯ ಕ್ರಿಯೆಯೂ ಒಂದೇ ಎಂಬುದು. ಮೊದಲನೆಯದು ನೆರೆಯವನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಎರಡನೆಯದು ಕೇಳಿಸಿಕೊಂಡಂತೆ ನಟಿಸಿತು. ಎರಡರಲ್ಲಿಯೂ ಪದಗಳ ಪರಿಶೀಲನೆ ನಡೆದಿಲ್ಲ. ಕ್ರೈಸ್ತ ದೇವಶಾಸ್ತ್ರದ ಈ ಹಳೆಯ ಜಿಜ್ಞಾಸೆ ಕನ್ನಡಕ್ಕೆ ಬಂದಾಗ ಯಾವ ಪದಗಳನ್ನು ಆಶ್ರಯಿಸಿತು, ಆ ಪದಗಳು ಅದಕ್ಕೆ ಮೊದಲೇ ಯಾವ ವಾಗ್ವಾದಗಳಲ್ಲಿ ಸವೆದಿದ್ದವು ಎಂಬುದನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಹಾವೇರಿ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶದ ಬ್ಯಾಡಗಿ ತಾಲ್ಲೂಕಿನಲ್ಲಿ ಕನಕದಾಸರ ಕಾಗಿನೆಲೆಯಿದೆ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿ ಅಂಬಿಗರ ಚೌಡಯ್ಯನ ನೆನಪನ್ನು ಉಳಿಸಿಕೊಂಡ ಚೌಡದಾನಪುರವಿದೆ. ದೇವರ ಒಲವು ಯಾರಿಗೆ, ಯಾವುದರಿಂದ, ಯಾವ ಬೆಲೆಗೆ ಎಂಬ ಪ್ರಶ್ನೆ ಇಲ್ಲಿ ಮಠದ ಪಾಠಶಾಲೆಯಲ್ಲಷ್ಟೇ ಚರ್ಚೆಯಾದುದಲ್ಲ. ದೋಣಿ ನಡೆಸುವವನೂ ಕುರುಬ ಕುಲದಲ್ಲಿ ಹುಟ್ಟಿದ ಕವಿಯೂ ಅದನ್ನು ಎತ್ತಿದ್ದಾರೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಾಗ ಅದರ ಬೋಧಕರು ಎದುರಾದದ್ದು ಈ ಪ್ರಶ್ನೆ ಚೆನ್ನಾಗಿ ಪರಿಚಿತವಿದ್ದ ಜನರಿಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಕ್ರೈಸ್ತರ ಸಂಖ್ಯೆ ಅಂದೂ ಇಂದೂ ಅಲ್ಪ. ಆದರೆ ಭಾಷೆಯ ಸಮಸ್ಯೆ ಸಂಖ್ಯೆಯನ್ನು ಅವಲಂಬಿಸಿರುವುದಿಲ್ಲ.

ಕನ್ನಡ ಬೈಬಲ್ಲಿನ ಚರಿತ್ರೆ ತಿಳಿದದ್ದೇ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಮುಂದೆ ವೈಗ್ಲೆ, ಮೋಗ್ಲಿಂಗ್ ಮೊದಲಾದ ಬಾಸೆಲ್ ಮಿಷನರಿಗಳೂ ಅವರ ನಂತರದವರೂ ಅದನ್ನು ಹಲವು ಸಲ ತಿದ್ದಿದರು. ಇದೇ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಿಂದ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಹೇಳಿದರು. ಕೃಪೆ ನಮ್ಮಲ್ಲಿ ಮಾತ್ರ ಎಂದು ಮಿಷನ್ನಿನ ಕರಪತ್ರಗಳು ಸಾರುತ್ತಿದ್ದ ಕಾಲದಲ್ಲಿಯೇ ಮಿಷನ್ನಿನ ಪಂಡಿತರು ಹರಿಯ ಕೃಪೆಗಾಗಿ ಮೊರೆಯಿಡುವ ಹಾಡುಗಳ ಕರಡು ತಿದ್ದುತ್ತಿದ್ದರು. ಕರಪತ್ರದ ಮಾತಿಗೆ ಅವರದೇ ಮುದ್ರಣಾಲಯ ಕೊಟ್ಟ ಉತ್ತರವೆಂದು ಇದನ್ನು ಓದಬಹುದು.

ಈಗ ಮೂಲ ಸಮಸ್ಯೆಗೆ ಬರೋಣ. ಹೊಸ ಒಡಂಬಡಿಕೆಯಲ್ಲಿ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಮನುಷ್ಯನು ದೇವರೆದುರು ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎನ್ನುತ್ತಾನೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ, ಬರಿಯ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎನ್ನುತ್ತದೆ. ಇಬ್ಬರೂ ಉದಾಹರಿಸುವುದು ಒಬ್ಬನೇ ಅಬ್ರಹಾಮನನ್ನು. ಇಬ್ಬರೂ ಬಳಸುವ ಗ್ರೀಕ್ ಪದ ಒಂದೇ, 'ಎರ್ಗೊನ್', ಕೆಲಸ. ವಿರೋಧ ಕಣ್ಣಿಗೆ ಹೊಡೆಯುವಂತಿದೆ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರ್ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆಯೆಂದು ಹಳಿದನು. ರೋಮಾಪುರದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದನು. ಆಕ್ಷೇಪ ಬಂದಾಗ, ಜರ್ಮನ್ ಭಾಷೆಯ ಜಾಯಮಾನವೇ ಅದನ್ನು ಬೇಡುತ್ತದೆ ಎಂದು 1530ರಲ್ಲಿ ಸಮರ್ಥಿಸಿಕೊಂಡನು. ಕ್ಯಾಥೊಲಿಕ್ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯ ನಿರ್ಣಯದ ಮೂಲಕ ಪ್ರತ್ಯುತ್ತರ ನೀಡಿತು. ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಲು 1999ರವರೆಗೆ ಕಾಯಬೇಕಾಯಿತು.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಬಹುಕಾಲದಿಂದ ಓದಿಕೊಂಡು ಬಂದಿರುವ ಕನ್ನಡ 'ಸತ್ಯವೇದ'ದಲ್ಲಿ ಈ ಸಂಕಟ ಬಹುಮಟ್ಟಿಗೆ ಕಾಣುವುದೇ ಇಲ್ಲ. ಪೌಲನು ಅಲ್ಲಗಳೆಯುವ 'ಧರ್ಮಶಾಸ್ತ್ರದ ಕ್ರಿಯೆಗಳು' ರೋಮ ಮತ್ತು ಗಲಾತ್ಯ ಪತ್ರಿಕೆಗಳ ಈ ಮುಖ್ಯ ವಾಕ್ಯಗಳಲ್ಲಿ 'ನೇಮನಿಷ್ಠೆಗಳು' ಆಗಿವೆ. ಯಾಕೋಬನು ಎತ್ತಿಹಿಡಿಯುವುದು 'ಕ್ರಿಯೆಗಳು'. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅದೇ ಗ್ರೀಕ್ ಪದ 'ಪುಣ್ಯಕ್ರಿಯೆಗಳು' ಎಂದಾಗಿದೆ. ಒಂದು ಪದಕ್ಕೆ ಮೂರು. 'ಕರ್ಮ' ಎಂಬ ಪದ ಈ ಸ್ಥಳಗಳಲ್ಲಿ ಬಂದಿಲ್ಲ. ಬಂದಿದ್ದರೆ ಜನ್ಮಜನ್ಮಾಂತರಗಳ ಲೆಕ್ಕವೆಲ್ಲ ಅದರ ಬೆನ್ನಿಗೆ ಬರುತ್ತಿತ್ತು. ಲೂಥರನು ಸೇರಿಸಿದ 'ಮಾತ್ರ'ಕ್ಕೆ ಕನ್ನಡದಲ್ಲಿ ಪ್ರತ್ಯೇಕ ಪದವೂ ಬೇಕಾಗಲಿಲ್ಲ. 'ನಂಬಿಕೆಯಿಂದಲೇ' ಎಂಬಲ್ಲಿಯ ಅವಧಾರಣೆಯ ಏಕಾರ, ಜರ್ಮನಿಯಲ್ಲಿ ಅಷ್ಟು ಗದ್ದಲವೆಬ್ಬಿಸಿದ ಕೆಲಸವನ್ನು ಯಾರ ಗಮನಕ್ಕೂ ಬಾರದಂತೆ ಮಾಡಿ ಮುಗಿಸಿದೆ. (ಗ್ರೀಕಿನ 'ನೊಮೊಸ್'ಗೂ ನಮ್ಮ 'ನೇಮ'ಕ್ಕೂ ಇರುವ ಧ್ವನಿಸಾಮ್ಯ ಕೇವಲ ಆಕಸ್ಮಿಕ, ನೇಮವು ನಿಯಮದ ತದ್ಭವ.)

'ನೇಮನಿಷ್ಠೆ' ಎಂಬ ಆಯ್ಕೆ ಸಾಮಾನ್ಯವಾದುದಲ್ಲ. ಕನ್ನಡದಲ್ಲಿ ನೇಮವೆಂದರೆ ವ್ರತ, ಮಡಿ, ಉಪವಾಸ, ತಿಥಿ, ಊಟದ ಕಟ್ಟಳೆ. ಶರಣರೂ ದಾಸರೂ ಪ್ರಶ್ನೆಗೊಳಪಡಿಸಿದ್ದು ಇದನ್ನೇ. ಚೌಡಯ್ಯನ ವಚನಗಳ ಬಿರುನುಡಿ ಬಹುಪಾಲು ಬಿದ್ದಿರುವುದು ವೇಷದ ಮೇಲೆ, ತೋರಿಕೆಯ ಆಚಾರದ ಮೇಲೆ. ಕನಕದಾಸರ ಕೀರ್ತನೆಗಳು ಕುಲದ ಹೆಮ್ಮೆಯನ್ನೂ ಬಾಹ್ಯ ಶೌಚದ ಹೆಮ್ಮೆಯನ್ನೂ ಒಟ್ಟಿಗೆ ವಿಚಾರಿಸಿಕೊಳ್ಳುತ್ತವೆ. ಇಂತಹ ಸೀಮೆಯಲ್ಲಿ ಪೌಲನ ಮಾತು 'ನೇಮನಿಷ್ಠೆ'ಯ ಮೂಲಕ ಕೇಳಿಬಂದಾಗ, ಅದು ದೂರದ ಯೆಹೂದ್ಯರ ಜಗಳವಾಗಿ ಉಳಿಯದೆ ಊರಿನ ಕೇರಿಗಳ ನಡುವಿನ ಗೆರೆಗಳ ಮಾತಾಗಿ ಕೇಳುತ್ತದೆ. ಪಾಶ್ಚಾತ್ಯ ವಿದ್ವತ್ತು ಇದೇ ತಿಳಿವಿಗೆ ಬಂದದ್ದು ತಡವಾಗಿ. ಇ. ಪಿ. ಸ್ಯಾಂಡರ್ಸ್ 1977ರಲ್ಲಿ, ಪೌಲನ ಕಾಲದ ಯೆಹೂದ್ಯ ಧರ್ಮ ಪುಣ್ಯವನ್ನು ಕೂಡಿಸಿ ರಕ್ಷಣೆಯನ್ನು ಕೊಳ್ಳುವ ಧರ್ಮವಾಗಿರಲಿಲ್ಲ, ಅಲ್ಲಿಯೂ ದೇವರ ಆಯ್ಕೆಯೇ ಮೊದಲು ಎಂದು ವಾದಿಸಿದರು. ಅನಂತರ ಜೇಮ್ಸ್ ಡನ್, ಪೌಲನು ವಿರೋಧಿಸಿದ 'ಧರ್ಮಶಾಸ್ತ್ರದ ಕ್ರಿಯೆಗಳು' ಮುಖ್ಯವಾಗಿ ಸುನ್ನತಿ, ಆಹಾರನಿಯಮ, ಸಬ್ಬತ್ತುಗಳೆಂಬ ಗುಂಪಿನ ಗುರುತುಗಳು, ಒಳಗಿನವರನ್ನು ಹೊರಗಿನವರಿಂದ ಬೇರ್ಪಡಿಸುವ ಗೆರೆಗಳು ಎಂದರು. 'ನೇಮನಿಷ್ಠೆ' ಎಂಬ ಕನ್ನಡ ಪದದ ವ್ಯಾಪ್ತಿ ಹೆಚ್ಚುಕಡಿಮೆ ಇದೇ.

ಆದರೆ ಈ ಲಾಭಕ್ಕೆ ಒಂದು ನಷ್ಟವೂ ಅಂಟಿಕೊಂಡಿದೆ. ಪೌಲನು ತಿರಸ್ಕರಿಸಿದ್ದು ಆಚಾರವನ್ನು ಮಾತ್ರ ಎಂದಾದರೆ, ನಾನು ಸದಾಚಾರಿ, ಆದ್ದರಿಂದ ದೇವರಿಗೆ ಪ್ರಿಯ ಎಂಬ ಹೆಮ್ಮೆಗೆ ಯಾವ ತಡೆಯೂ ಉಳಿಯುವುದಿಲ್ಲ. ಮಡಿ ಹೋಗಿ ಶೀಲ ಬಂದು ಅದೇ ಪೀಠದ ಮೇಲೆ ಕೂರುತ್ತದೆ. ಲೂಥರನನ್ನು ಕಾಡಿದ್ದು ಮುಖ್ಯವಾಗಿ ಈ ಎರಡನೆಯ ಹೆಮ್ಮೆ. ಎಫೆಸ ಪತ್ರಿಕೆಯ 'ಪುಣ್ಯಕ್ರಿಯೆ' ಈ ಕೊರತೆಯನ್ನು ಭಾಗಶಃ ತುಂಬುತ್ತದೆ, ಏಕೆಂದರೆ ಪುಣ್ಯದಲ್ಲಿ ದಾನಧರ್ಮವೂ ಸೇರುತ್ತದೆ. ಆದರೂ ಮೂರು ಪದಗಳ ಹಿಂದೆ ಒಂದೇ ಪದವಿದೆಯೆಂದು ಕನ್ನಡದ ಓದುಗನಿಗೆ ತಿಳಿಯುವ ಬಗೆಯಿಲ್ಲ. ಅನುವಾದಕರು ಇಲ್ಲಿ ವ್ಯಾಖ್ಯಾನಕಾರರೂ ಆಗಿದ್ದಾರೆ. ಅವರ ವ್ಯಾಖ್ಯಾನ ಸಮರ್ಥನೀಯವೆಂಬುದೇ ನನ್ನ ಅಭಿಪ್ರಾಯ. ಅದು ವ್ಯಾಖ್ಯಾನವೆಂಬುದನ್ನು ಮಾತ್ರ ಮರೆಯಬಾರದು.

'ಕೃಪೆ'ಯ ವಿಚಾರ ಇನ್ನೂ ಸೂಕ್ಷ್ಮ. ಪ್ರೊಟೆಸ್ಟಂಟ್ ಕನ್ನಡ ಗ್ರೀಕಿನ 'ಖಾರಿಸ್' ಎಂಬುದಕ್ಕೆ 'ಕೃಪೆ'ಯನ್ನೂ 'ಪಿಸ್ತಿಸ್'ಗೆ 'ನಂಬಿಕೆ'ಯನ್ನೂ ಆರಿಸಿತು. ಕ್ಯಾಥೊಲಿಕ್ ಕನ್ನಡದಲ್ಲಿ 'ವಿಶ್ವಾಸ' ಬಳಕೆಗೆ ಬಂದಿತು, ಮರಿಯಮ್ಮನವರ ಪ್ರಾರ್ಥನೆಯಲ್ಲಿ ಆಕೆ 'ವರಪ್ರಸಾದ ಪೂರ್ಣೆ'ಯಾದಳು. ಇದು ಕೇವಲ ಪರ್ಯಾಯಪದಗಳ ಭೇದವಲ್ಲ. ಕೃಪೆ ಕೊಡುವವನ ಮನಸ್ಸಿನಲ್ಲಿರುವುದು, ಕನಿಕರ. ಪ್ರಸಾದ ಪಡೆದವನ ಕೈಗೆ ಬರುವುದು, ಒಳಗೆ ಇಳಿಯುವುದು. ಕೃಪೆಯೆಂದರೆ ದೇವರ ಅನುಕೂಲಭಾವವೆಂದು ಲೂಥರನ್ ಪಕ್ಷ, ಆತ್ಮದೊಳಗೆ ತುಂಬಲ್ಪಟ್ಟು ಅದನ್ನು ಮಾರ್ಪಡಿಸುವ ಕೊಡುಗೆಯೆಂದು ಟ್ರೆಂಟಿನ ಪಕ್ಷ. ಆ ವ್ಯತ್ಯಾಸವನ್ನು ಕನ್ನಡದ ಎರಡು ಪದಗಳು ಹೇಳಿ ಮಾಡಿಸಿದಂತೆ ಹಂಚಿಕೊಂಡಿವೆ. ಅಷ್ಟಾವರಣಗಳಲ್ಲಿ ಪ್ರಸಾದವನ್ನೂ ಎಣಿಸುವ ವೀರಶೈವ ಪರಿಸರದಲ್ಲಿ 'ವರಪ್ರಸಾದ' ಎಂಬ ಪದ ಕೇಳುವವನಿಗೆ ಅಪರಿಚಿತವೆನಿಸದು. 'ಕೃಪೆ'ಯಾದರೋ ದಾಸರ ಹಾಡಿನ ದಾರಿಯಲ್ಲಿ ಬರುತ್ತದೆ.

ಹಾಗಾದರೆ ಕಾಗಿನೆಲೆಯ ಕೃಪೆಯೂ ಪೌಲನ ಕೃಪೆಯೂ ಒಂದೆಯೇ? ಸಮನ್ವಯವಾದಿಗಳು ಇಲ್ಲಿ ಅವಸರಪಡುತ್ತಾರೆ. ಭಾಮಿನಿ ಷಟ್ಪದಿಯ 'ಹರಿಭಕ್ತಿಸಾರ'ದಲ್ಲಿ ಕವಿ ತನ್ನ ಅಯೋಗ್ಯತೆಯನ್ನು ಮುಂದಿಟ್ಟು ರಕ್ಷಣೆಯನ್ನು ಬೇಡುತ್ತಾನೆ. ಆ ದನಿ ಪೌಲನ ಓದುಗನಿಗೆ ಹತ್ತಿರದ್ದೆನಿಸುವುದು ಸಹಜ. ಆದರೆ ಪರಂಪರೆಯು ಕನಕದಾಸರನ್ನು ವ್ಯಾಸರಾಯರ ಶಿಷ್ಯವರ್ಗದಲ್ಲಿ ಎಣಿಸುತ್ತದೆ. ಮಾಧ್ವಮತದಲ್ಲಿ ಹರಿಯ ಪ್ರಸಾದವಿಲ್ಲದೆ ಮೋಕ್ಷವಿಲ್ಲವೆಂಬುದು ಎಷ್ಟು ಖಚಿತವೋ, ಆ ಪ್ರಸಾದ ಜೀವದ ಸ್ವರೂಪಯೋಗ್ಯತೆಗೆ ತಕ್ಕಂತೆ ದೊರೆಯುತ್ತದೆಂಬುದೂ ಅಷ್ಟೇ ಖಚಿತ. ಕನಕರಲ್ಲಿ ಶ್ರೀವೈಷ್ಣವದ ಪ್ರಭಾವವನ್ನು ಗುರುತಿಸಿದ ವಿದ್ವಾಂಸರೂ ಇದ್ದಾರೆ. ಶ್ರೀವೈಷ್ಣವರಲ್ಲಂತೂ ಈ ಜಿಜ್ಞಾಸೆ ಒಡಕನ್ನೇ ಉಂಟುಮಾಡಿತು: ತಾಯಿಯನ್ನು ತಾನೇ ತಬ್ಬಿಕೊಳ್ಳುವ ಮಂಗನ ಮರಿಯಂತೆ ಜೀವನೂ ಪ್ರಯತ್ನಿಸಬೇಕೆಂದು ವಡಗಲೆಯವರು, ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯಂತೆ ಸುಮ್ಮನಿರಬೇಕೆಂದು ತೆಂಗಲೆಯವರು. ರುಡಾಲ್ಫ್ ಒಟ್ಟೊ 1930ರ ತನ್ನ ಗ್ರಂಥದಲ್ಲಿ ಭಾರತದ ಕೃಪಾಧರ್ಮವನ್ನು ಕ್ರೈಸ್ತಧರ್ಮದೊಂದಿಗೆ ಹೋಲಿಸಲು ಆರಿಸಿಕೊಂಡದ್ದು ವೈಷ್ಣವ ಭಕ್ತಿಯನ್ನೇ.

ಅದೇ ಕವಿಯ 'ರಾಮಧಾನ್ಯಚರಿತೆ'ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭತ್ತಕ್ಕೂ ರಾಗಿಗೂ ಹುಟ್ಟಿದ ವಾದವನ್ನು ರಾಮನು ಕೃಪೆಯಿಂದ ತೀರಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಉಳಿಯುತ್ತದೆ. ಉಳಿದದ್ದಕ್ಕೆ ರಾಘವನ ಹೆಸರು ಸಲ್ಲುತ್ತದೆ. ಇಲ್ಲಿ ಮಾನ್ಯತೆ ಬಂದದ್ದು ತಾಳಿಕೆಯಿಂದ, ಗುಣದಿಂದ. ದೇವರೆದುರು ನಾನೇನೂ ಅಲ್ಲ ಎನ್ನುವ ಕವಿಯೇ ಉಳ್ಳವರ ಎದುರು ನಮ್ಮ ಸತ್ವವನ್ನು ಪರೀಕ್ಷಿಸಿ ನೋಡಿ ಎನ್ನುತ್ತಾನೆ. ಕುಲದಿಂದ ಕೆಳಗಿಡಲ್ಪಟ್ಟವನಿಗೆ ಈ ಎರಡು ಮಾತುಗಳೂ ಬೇಕು. ಪೌಲನನ್ನೂ ಯಾಕೋಬನನ್ನೂ ಒಂದೇ ಗ್ರಂಥದಲ್ಲಿ ಕಟ್ಟಿಟ್ಟುಕೊಂಡ ಸಭೆಯ ನಡೆಯನ್ನು ಅರಿಯಲು, ಇಬ್ಬರ ನಡುವೆ ರಾಜಿ ಮಾಡಿಸುವ ಭಾಷ್ಯಗಳಿಗಿಂತ ಕನಕರ ಈ ಎರಡು ಕೃತಿಗಳು ನನಗೆ ಹೆಚ್ಚು ನೆರವಾಗಿವೆ.

ಕೊನೆಯದಾಗಿ ಕೂಲಿಯ ಮಾತು. ರೋಮಾಪುರದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ದುಡಿದವನ ಕೂಲಿ ಸಲ್ಲಬೇಕಾದ ಬಾಕಿಯೇ ಹೊರತು ಕೃಪೆಯಲ್ಲ ಎಂದು ಎರಡನ್ನೂ ಎದುರುಬದುರಾಗಿ ನಿಲ್ಲಿಸುತ್ತಾನೆ. ಮತ್ತಾಯನ ಸುವಾರ್ತೆಯ ದ್ರಾಕ್ಷೇತೋಟದ ಸಾಮ್ಯದಲ್ಲಿ ಸಂಜೆ ಬಂದವನಿಗೂ ಬೆಳಗಿನಿಂದ ದುಡಿದವನಿಗೂ ಒಂದೇ ಕೂಲಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ದಿನದ ಲೆಕ್ಕ ಕೇಳುವ ಹೆಂಗಸರಿಗೆ ಈ ಸಾಮ್ಯ ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಸಾಮ್ಯದಲ್ಲಿಯೂ ಬೆಳಗಿನವರು ಗೊಣಗುತ್ತಾರೆ. ಶರಣರ ದಾರಿ ಬೇರೆ. ಅವರು ಕೂಲಿಯನ್ನು ಕೃಪೆಯ ಎದುರಿಗಿಡಲಿಲ್ಲ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಂದು, ಅಲ್ಲಿಂದ ಪ್ರಸಾದವಾಗಿ ಮರಳುತ್ತದೆ. ಯಾಕೋಬನ ಪತ್ರಿಕೆಯ ಆ ಅಧ್ಯಾಯ ಹಸಿದವನಿಗೂ ಬಟ್ಟೆಯಿಲ್ಲದವನಿಗೂ ಬರಿಯ ಹಾರೈಕೆ ಹೇಳಿ ಕಳಿಸುವ ನಂಬಿಕೆಯನ್ನು ಟೀಕಿಸುವಾಗ ಈ ದಾಸೋಹದ ತೀರ ಸಮೀಪಕ್ಕೆ ಬರುತ್ತದೆ. ಆದರೂ ಅನುವಾದಕರು ಅಲ್ಲಿಗೆ 'ಕಾಯಕ'ವನ್ನು ತರದೆ 'ಕ್ರಿಯೆ'ಯನ್ನು ತಂದರು. ಪೌಲನ ಕಡೆಯಿಂದ ನೋಡಿದರೆ ಅದು ಸರಿಯಾದ ಎಚ್ಚರವೇ: ಕಾಯಕವೇ ಕೈಲಾಸವೆನ್ನುವ ನಾಡಿನಲ್ಲಿ 'ಕಾಯಕ'ದ ಮೂಲಕ ಬರುವ ರಕ್ಷಣೆ ಅವನ ವಾದವನ್ನೇ ಬುಡಮೇಲು ಮಾಡುತ್ತಿತ್ತು. ಯಾಕೋಬನ ಕಡೆಯಿಂದ ನೋಡಿದರೆ ಅಷ್ಟು ಖಚಿತವಾಗಿ ಹೇಳಲಾಗದು. ವಚನಕಾರರಲ್ಲಿ ಅನೇಕರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಬಳಸಿದರೆ, ಚೌಡದಾನಪುರದ ಅಂಬಿಗನು ತನ್ನ ಹೆಸರನ್ನು, ಅದರ ಹಿಂದೆ ತನ್ನ ಕಾಯಕವನ್ನು ಅಂಕಿತವಾಗಿ ಇಟ್ಟುಕೊಂಡನು.