ಬೇಹುಗಾರನ ವೇಷ: ಎಡೆದೊರೆ ನಾಡಿನಿಂದ ಒಂದು ಪರಿಶೀಲನೆ

ಗೂಢಚಾರನೆಂದೊಡನೆ ಓದುಗರ ಮನಸ್ಸಿನಲ್ಲಿ ಮೂಡುವುದು ಕತ್ತಲೆಯ ಚಿತ್ರ: ಮುಸುಕು ಹೊದ್ದ ಆಕೃತಿ, ಸಂದಿಗೊಂದಿ, ಅರೆತೆರೆದ ಕಿಟಕಿ. ಆದರೆ ನಮ್ಮ ಪ್ರಾಚೀನ ಗ್ರಂಥಗಳನ್ನೂ, ಅವುಗಳ ಜೊತೆಗೆ ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಚರಿತ್ರೆಯ ಕಥನಗಳನ್ನೂ ಸಾವಧಾನವಾಗಿ ಪರಿಶೀಲಿಸಿದರೆ ಇದಕ್ಕೆ ವಿರುದ್ಧವಾದ ಚಿತ್ರವೊಂದು ಕಾಣುತ್ತದೆ. ನಗರದ ಗೂಢಚಾರ ಹಾಡಹಗಲಿನಲ್ಲಿ, ಎಲ್ಲರ ಕಣ್ಣೆದುರಿನಲ್ಲಿಯೇ ಅಡಗಿರುತ್ತಾನೆ. ಅವನು ಹಾಡುವವನು, ಹಾವಾಡಿಸುವವನು, ಕುಣಿಯುವವನು, ಭಿಕ್ಷೆ ಬೇಡುವವನು. ಈ ವೇಷ ಅವನ ಸ್ವಂತದ್ದಲ್ಲ; ಬೀದಿಯ ಕಲಾವಿದನಿಂದ ಎರವಲು ತಂದದ್ದು. ಕಾರ್ಯ ಮುಗಿದ ಮೇಲೆ ಅವನು ವೇಷವನ್ನು ಕಳಚಿ ಅರಮನೆಗೆ ಮರಳುತ್ತಾನೆ. ವೇಷಕ್ಕೆ ಅಂಟಿದ ಸಂಶಯ ಮಾತ್ರ ಅದರ ನಿಜವಾದ ಒಡೆಯನ ಪಾಲಿಗೆ ಉಳಿಯುತ್ತದೆ. ಈ ಸಾಲವನ್ನೂ ಅದು ತೀರದೆ ಉಳಿದ ಬಗೆಯನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡೋಣ. ಸಂಸ್ಕೃತದ 'ಚರ', 'ಚಾರ' ಶಬ್ದಗಳು ಸಂಚರಿಸುವುದೆಂಬ ಅರ್ಥದ ಧಾತುವಿನಿಂದ ಬಂದವು. ಅಡಗುವಿಕೆಯ ಅರ್ಥ ಬರುವುದು 'ಗೂಢ'ವೆಂಬ ವಿಶೇಷಣ ಸೇರಿದಾಗ. ಕನ್ನಡದ 'ಬೇಹು' ಹಳೆಯ ಮಾತು. 'ಬೇಹುಗಾರ'ನೆಂಬ ರೂಪ ಇಂದಿಗೂ ಬಳಕೆಯಲ್ಲಿದೆ. ಬಹಮನಿ, ಆದಿಲಶಾಹಿ, ಹೈದರಾಬಾದಿನ ನಿಜಾಮರ ಆಳ್ವಿಕೆಗಳನ್ನು ಕಂಡ ರಾಯಚೂರಿನ ಸೀಮೆಗೆ ಇವುಗಳ ಜೊತೆಗೆ 'ಜಾಸೂಸ', 'ಹರಕಾರ', 'ಖಬರು' ಎಂಬ ಮಾತುಗಳೂ ಪರಿಚಿತವಾದವು. ಹರಕಾರನೆಂದರೆ ಓಲೆಕಾರನೂ ಹೌದು, ಸುದ್ದಿ ಕೂಡಿಸುವವನೂ ಹೌದು. ಚಾರ, ಹರಕಾರ ಎರಡರಲ್ಲಿಯೂ ಮುಖ್ಯವಾದುದು ನಡಿಗೆ. ಎಂದರೆ, ಯಾರ ಅಡ್ಡಿಯೂ ಇಲ್ಲದೆ ಊರಿಂದೂರಿಗೆ ತಿರುಗುವ ಅವಕಾಶ. ಹಿಂದಿನ ಸಮಾಜದಲ್ಲಿ ಈ ಅವಕಾಶ ಎಲ್ಲರಿಗೂ ಇರಲಿಲ್ಲ. ವರ್ತಕ, ಯಾತ್ರಿಕ, ಭಿಕ್ಷುಕ, ಕಲಾವಿದ ಇವರಿಗೆ ಇತ್ತು. ಆದುದರಿಂದಲೇ ಗೂಢಚಾರನ ಕಣ್ಣು ಇವರ ಉಡುಪಿನ ಮೇಲೆ ಬಿತ್ತು.

ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ಯಾರ ಕೀರ್ತಿಯೊಡನೆ ತನ್ನ ಕೀರ್ತಿಯನ್ನು ಹೋಲಿಸಿಕೊಂಡನೋ ಆ ಭಾರವಿಯ 'ಕಿರಾತಾರ್ಜುನೀಯ' ಆರಂಭವಾಗುವುದೇ ಗೂಢಚಾರನೊಬ್ಬನ ಆಗಮನದಿಂದ. ಬ್ರಹ್ಮಚಾರಿಯ ವೇಷ ತೊಟ್ಟ ವನಚರನೊಬ್ಬ ದುರ್ಯೋಧನನ ಆಳ್ವಿಕೆಯನ್ನು ಕಂಡು ದ್ವೈತವನಕ್ಕೆ ಮರಳಿ ಧರ್ಮರಾಜನಿಗೆ ವರದಿಯೊಪ್ಪಿಸುತ್ತಾನೆ. ಅಪ್ರಿಯವಾದರೂ ಸತ್ಯವನ್ನೇ ನುಡಿಯುವ ಅವನ ನಿಷ್ಠೆ ಆ ಸರ್ಗದ ಶೋಭೆ. ಆದರೆ ಅವನು ಪುರಜನರೊಡನೆ ಬೆರೆತ ಬಗೆಯನ್ನು ಕಾವ್ಯ ತೋರಿಸುವುದಿಲ್ಲ. ಅವನು ಕಾಡಿನವನಾಗಿಯೇ ಹೋಗಿ ಕಾಡಿನವನಾಗಿಯೇ ಬರುತ್ತಾನೆ. ನಗರದ ಗೂಢಚಾರನಿಗಾದರೋ ಬೆರೆಯುವುದೇ ವಿದ್ಯೆ.

ಈ ವಿದ್ಯೆಯ ಶಾಸ್ತ್ರಗ್ರಂಥ ಕೌಟಿಲ್ಯನ 'ಅರ್ಥಶಾಸ್ತ್ರ'. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ದೊರೆತ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದುದು ಎಲ್ಲರಿಗೂ ವಿದಿತವಾಗಿದೆ. ಅದರ ಮೊದಲ ಅಧಿಕರಣದಲ್ಲಿ ಬರುವ 'ತಾಪಸ'ನೆಂಬ ಗೂಢಪುರುಷ ನಗರದ ಹೊರವಲಯದಲ್ಲಿ ಶಿಷ್ಯರೊಡನೆ ನೆಲೆಸುತ್ತಾನೆ. ಜನರ ಎದುರಿನಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಸೊಪ್ಪನ್ನೋ ಜವೆಯನ್ನೋ ತಿನ್ನುತ್ತಾನೆ, ಮರೆಯಲ್ಲಿ ಬಯಸಿದುದನ್ನು ಉಣ್ಣುತ್ತಾನೆ. ಅವನ ಉಪವಾಸ ಒಂದು ನಾಟಕ. ನಗರವೇ ಅದರ ಪ್ರೇಕ್ಷಕವರ್ಗ. ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದಿದೆ. ನಟರು, ನರ್ತಕರು, ಗಾಯಕರು, ವಾದಕರು, ಮಾತನ್ನೇ ಜೀವನೋಪಾಯವಾಗಿ ಉಳ್ಳವರು, ಕುಶೀಲವರು ಎಂಬ ಪಟ್ಟಿ ಈ ಗ್ರಂಥದಲ್ಲಿ ಎರಡು ಕಡೆ ಎದುರಾಗುತ್ತದೆ. ಒಂದು ಕಡೆ, ಮನೆಗಳ ಒಳಗಿನ ಸುದ್ದಿಯನ್ನು ಅರಿಯಲು ಇಂಥವರ ಮೂಲಕ ಬೇಹು ನಡೆಸಬೇಕೆಂದು ಹೇಳಿದೆ. ಮತ್ತೊಂದು ಕಡೆ, ಇಂಥವರು ಹಳ್ಳಿಗಳ ಕೆಲಸಕ್ಕೆ ವಿಘ್ನವುಂಟುಮಾಡದಂತೆ ತಡೆಯಬೇಕೆಂದು ವಿಧಿಸಿದೆ. ಒಂದೇ ಜನವರ್ಗವನ್ನು ರಾಜ್ಯ ಒಂದು ಕೈಯಿಂದ ಬಳಸಿಕೊಳ್ಳುತ್ತದೆ, ಇನ್ನೊಂದು ಕೈಯಿಂದ ದೂರವಿಡುತ್ತದೆ. ನಮ್ಮ ವಿಷಯದ ಬೀಜ ಇಲ್ಲಿದೆ.

ಈ ಬೀಜ ಸಾಹಿತ್ಯದಲ್ಲಿ ಫಲಿಸಿದುದು ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಂಪುನಾರಾಯಣ 1823ರಲ್ಲಿ ರಚಿಸಿದ 'ಮುದ್ರಾಮಂಜೂಷ'ದ ಮೂಲಕ ಆ ವಸ್ತು ಕನ್ನಡ ಗದ್ಯಕ್ಕೆ ಬಂದು, ನಮ್ಮ ಹೊಸ ಗದ್ಯದ ಹೊಸ್ತಿಲಲ್ಲಿಯೇ ಗೂಢಚಾರರ ಕಥೆ ನಿಂತಿತು. ಮೂಲ ನಾಟಕದಲ್ಲಿ ಚಾಣಕ್ಯನ ಚಾರನಾದ ನಿಪುಣಕ ಯಮಪಟವನ್ನು ಬಿಚ್ಚಿ ತೋರಿಸುತ್ತ ಮನೆಮನೆಗೆ ಹಾಡಿಕೊಂಡು ಹೋಗುವವನ ವೇಷದಲ್ಲಿ ಚಂದನದಾಸನ ಮನೆಯನ್ನು ಹೊಗುತ್ತಾನೆ. ಆಟ ನೋಡಲು ಹೊರಗೋಡಿ ಬಂದ ಮಗುವನ್ನು ಹಿಡಿಯಲು ಚಾಚಿದ ಹೆಣ್ಣುಕೈಯಿಂದ ರಾಕ್ಷಸನ ಮುದ್ರೆಯುಂಗುರ ಜಾರಿ ಅವನ ಕಾಲಬಳಿಗೆ ಉರುಳುತ್ತದೆ. ಮುಂದಿನ ಕಥೆಯೆಲ್ಲ ಆ ಉಂಗುರದಿಂದ ಹೊರಟದ್ದು. ಎರಡನೆಯ ಅಂಕದಲ್ಲಿ ಎದುರುಪಕ್ಷದ ವಿರಾಧಗುಪ್ತ ಹಾವಾಡಿಗನಾಗಿ ಬರುತ್ತಾನೆ. ಎರಡು ಪಕ್ಷಗಳೂ ಬೀದಿಯ ಕಲಾವಿದನಿಂದಲೇ ಸಾಲ ಪಡೆದಿವೆ. ಬಾಗಿಲು ತೆರೆದುದು ಕಾವಲುಗಾರನ ಮೈಮರೆವಿನಿಂದ ಆಗಿರಲಿಲ್ಲ. ಆಟ ನೋಡಬೇಕೆಂಬ ಒಂದು ಮಗುವಿನ ಆಸೆಯಿಂದ. ಗೂಢಚಾರ ಕದ್ದದ್ದು ಆ ಆಸೆಯನ್ನು.

ಇನ್ನು ಎಡೆದೊರೆ ನಾಡಿಗೆ ಬರೋಣ. ವಿಜಯನಗರ ಮತ್ತು ಬಹಮನಿ ರಾಜ್ಯಗಳು ರಾಯಚೂರು, ಮುದಗಲ್ಲುಗಳಿಗಾಗಿ ಮತ್ತೆ ಮತ್ತೆ ಹೋರಾಡಿದ ನೆಲವಿದು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಬರೆದ ಫೆರಿಶ್ತಾ 1398ರ ದಂಡಯಾತ್ರೆಯ ಸಂದರ್ಭದಲ್ಲಿ ಒಂದು ಕಥೆಯನ್ನು ಹೇಳಿದ್ದಾನೆ. ರಾಯನ ಸೈನ್ಯ ಕೃಷ್ಣೆಯ ದಡದಲ್ಲಿ ಬೀಡುಬಿಟ್ಟಿದೆ. ಹೊಳೆ ತುಂಬಿ ಹರಿಯುತ್ತಿದೆ. ಆಚೆಯ ದಡದಲ್ಲಿ ಫಿರೋಜಶಾಹ. ಕಾಜಿ ಸಿರಾಜನೆಂಬವನು ಕೆಲವರು ಗೆಳೆಯರೊಡನೆ ಫಕೀರರ ವೇಷದಲ್ಲಿ ರಾಯನ ಬೀಡನ್ನು ಸೇರಿ ನರ್ತಕಿಯರ ಕೇರಿಗೆ ಹೋಗುತ್ತಾನೆ. ಅಲ್ಲಿ ಒಬ್ಬಳಿಗೆ ಮನಸೋತವನಂತೆ ನಟಿಸಿ, ವಾದ್ಯ ನುಡಿಸಿ ಅವಳನ್ನು ಮೆಚ್ಚಿಸಿ, ಅವಳ ಮೇಳದವನಾಗಿ ರಾಜಕುಮಾರನ ಡೇರೆಯನ್ನು ಪ್ರವೇಶಿಸುತ್ತಾನೆ. ಹೆಣ್ಣುವೇಷ ತೊಟ್ಟು, ಎರಡು ಕೈಗಳಲ್ಲಿಯೂ ಕಠಾರಿ ಹಿಡಿದು ಕುಣಿಯುತ್ತ, ಆಟದ ಭರದಲ್ಲಿ ರಾಜಕುಮಾರನನ್ನು ಇರಿದು ಕೊಲ್ಲುತ್ತಾನೆ. ಬೀಡು ಗೊಂದಲಕ್ಕೆ ಬೀಳುತ್ತದೆ. ಫಿರೋಜನ ಪಡೆ ಹೊಳೆ ದಾಟುತ್ತದೆ.

ಬೀಡನ್ನು ನಗರವೆನ್ನಬಹುದೆ ಎಂಬ ಸಂದೇಹ ಸಹಜ. ಅಂದಿನ ರಾಜರ ಬೀಡು ನಡೆಯುವ ನಗರವೇ ಆಗಿತ್ತು. ಮುಂದೆ 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಬಂದಾಗ ಅವನ ಪಾಳೆಯದಲ್ಲಿ ಓಣಿಗಳೂ ಅಂಗಡಿಬೀದಿಗಳೂ ಇದ್ದು ರತ್ನಗಳೂ ಮಾರಾಟಕ್ಕಿದ್ದವೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಇರಲಿ. ಫೆರಿಶ್ತಾ ಬರೆದದ್ದು ಘಟನೆಯಾಗಿ ಎರಡು ಶತಮಾನಗಳ ಮೇಲೆ. ಆದುದರಿಂದ ಇದನ್ನು ಚರಿತ್ರೆಯಾಗಿ ಅಲ್ಲದಿದ್ದರೂ ಕಥನವಾಗಿ ವಿಮರ್ಶಿಸಲು ನಮಗೆ ಹಕ್ಕಿದೆ. ಕಥೆಗಾರ ಕಾಜಿಯ ಸಾಹಸವನ್ನು ವಿವರಿಸುತ್ತಾನೆ. ಅವನನ್ನು ನಂಬಿ ವಾದ್ಯವನ್ನು ಕೈಗಿತ್ತ ನರ್ತಕಿಗೆ ಹೆಸರನ್ನೂ ಕೊಡುವುದಿಲ್ಲ. ಬೀಡಿನ ಉಳಿದ ಮೇಳದವರನ್ನು ಮರುದಿನ ಜನ ಯಾವ ಕಣ್ಣಿನಿಂದ ನೋಡಿರಬಹುದು? ಈ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ಅರಮನೆಯ ಕಡೆಯಿಂದ ಕಥೆ ಹೇಳುವವನಿಗೆ ಅದು ಹೊಳೆಯಲಾರದು.

ರಾಯಚೂರನ್ನು ಗೆದ್ದ ಕೃಷ್ಣದೇವರಾಯನೇ ತೆಲುಗಿನಲ್ಲಿ ರಚಿಸಿದ 'ಆಮುಕ್ತಮಾಲ್ಯದ'ದ ರಾಜನೀತಿ ಭಾಗದಲ್ಲಿ ಗೂಢಚಾರನ ಲಕ್ಷಣಗಳು ಬಂದಿವೆ. ಅವನು ಪಟ್ಟಣವಾಸಿಯಾಗಿರಬೇಕು, ಹಲವು ಭಾಷೆಗಳನ್ನು ಬಲ್ಲವನಾಗಿರಬೇಕು, ಪರರಾಜ್ಯಗಳ ಚಾರರ ಪರಿಚಯ ಅವನಿಗಿರಬೇಕು, ಗುರುತು ಹಿಡಿಯುವಂಥ ಚಿಹ್ನೆ ಅವನಲ್ಲಿ ಇರಬಾರದು, ಅವನಿಗೆ ಬಯಸಿದುದಕ್ಕಿಂತ ಹೆಚ್ಚಿನ ವೇತನ ಸಲ್ಲಬೇಕು. ಈ ಲಕ್ಷಣಗಳನ್ನು ನಮ್ಮ ಸೀಮೆಯ ಬುಡ್ಗಜಂಗಮರು, ಹಗಲುವೇಷಗಾರರು ಮುಂತಾದವರ ಬಾಳಿನ ಪಕ್ಕದಲ್ಲಿಟ್ಟು ನೋಡಬೇಕು. ಅವರಲ್ಲಿ ಮನೆಮಾತು ತೆಲುಗು, ಆಟದ ಮಾತು ಕನ್ನಡವಾಗಿರುವುದುಂಟು. ಹಲವು ನುಡಿಗಳೂ ದಾರಿಗಳೂ ಅವರಿಗೆ ತಿಳಿದಿವೆ. ಆದರೆ ಕೊನೆಯ ಎರಡು ಲಕ್ಷಣಗಳಲ್ಲಿ ಅವರು ಗೂಢಚಾರನಿಗೆ ತೀರ ವಿರುದ್ಧ. ಬಣ್ಣ ಬಳಿದ ಮುಖವೇ ಅವರ ಚಿಹ್ನೆ; ವೇತನವೋ, ಕೇಳಿದುದಕ್ಕಿಂತ ಕಡಿಮೆ. ಇಂದು ರಾಮ, ನಾಳೆ ಹನುಮಂತ, ಮರುದಿನ ಮತ್ತೊಬ್ಬ ಎಂದು ಕೆಲವು ದಿನ ಬೀದಿಯಲ್ಲಿ ಸುಳಿದು, ಕಡೆಯ ದಿನ ಮನೆಮನೆಯಲ್ಲಿ ಕಾಳುಕಡಿ ಬೇಡಿ ಮುಂದಿನ ಊರಿಗೆ ಹೋಗುವವರು ಹಗಲುವೇಷದವರು. 'ಇದು ವೇಷ' ಎಂದು ಮೊದಲೇ ಸಾರಿ ಆಡುವುದು ಅವರ ಪ್ರಾಮಾಣಿಕತೆ. ಅದೇ ವೇಷವನ್ನು ಸಾರದೆ ತೊಡುವುದು ಗೂಢಚಾರನ ಕೌಶಲ.

ಈ ಭೇದವನ್ನು ಗ್ರಹಿಸಲು ಮಾನ್ವಿ, ದೇವದುರ್ಗಗಳ ದಾಸಪರಂಪರೆ ಒಳ್ಳೆಯ ನಿದರ್ಶನ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ಇವರೆಲ್ಲ ಹದಿನೇಳು-ಹದಿನೆಂಟನೆಯ ಶತಮಾನಗಳಲ್ಲಿ ಈ ನೆಲದಲ್ಲಿ ಹುಟ್ಟಿ ಬಾಳಿದವರು. ತಂಬೂರಿ ಹಿಡಿದು ಗೋಪಾಳಬುಟ್ಟಿ ಹೊತ್ತು ಬಾಗಿಲಿಗೆ ಬಂದ ದಾಸರಿಗೆ ಮನೆಯ ಬಾಗಿಲು ಏಕೆ ತೆರೆಯುತ್ತಿತ್ತು? ಹಾಡುವವನು ಕೇಡು ಬಗೆಯಲಾರನೆಂಬ ನಂಬಿಕೆಯಿಂದ. ದಾಸರು ಕೂಡಿಟ್ಟ ಈ ನಂಬಿಕೆಯ ಬಂಡವಾಳದಿಂದಲೇ ಕೌಟಿಲ್ಯನ ತಾಪಸನಂಥವನು ವ್ಯಾಪಾರ ನಡೆಸುತ್ತಾನೆ. ಸುಳ್ಳು ನಾಣ್ಯ ಚಲಾವಣೆಯಾಗಬೇಕಾದರೆ ಊರಿನಲ್ಲಿ ನಿಜವಾದ ನಾಣ್ಯ ಇರಬೇಕಷ್ಟೆ.

ಕಾಲ ಬದಲಾಯಿತು. 1871ರಲ್ಲಿ ಬೊಂಬಾಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಕೋಟೆಯ ಬಾಗಿಲಲ್ಲಿ ಬಂದವರನ್ನು ನಿಲ್ಲಿಸಿ ಕೇಳುತ್ತಿದ್ದ ಊರಿಗೆ ಹೆಸರು ಹೇಳದ ಅಪರಿಚಿತರು ದಿನವೂ ಬಂದಿಳಿಯತೊಡಗಿದರು. ಇಂಥ ಹೊಸ ನಗರಗಳ ಓದುಗರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂಥವರು ಪ್ರಿಯರಾದುದು ಸಹಜವೇ. 1968ರಲ್ಲಿ ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಪ್ರಕಾಶನಾಗಿ ಕಾಣಿಸಿಕೊಂಡರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಇವು ಜೇಮ್ಸ್ ಬಾಂಡನ ಮಾದರಿಯವೆಂದು ಹೇಳಿ ಮುಗಿಸುವುದು ವಾಡಿಕೆ. ನಮ್ಮ ದೃಷ್ಟಿಯಿಂದ ಇಲ್ಲಿ ಬೇರೊಂದು ವಿಶೇಷವಿದೆ. ಗುರುತಿನ ಚಿಹ್ನೆ ಇರಬಾರದೆಂಬ ಕೃಷ್ಣದೇವರಾಯನ ನಿಯಮವನ್ನು ಈ ಚಿತ್ರಗಳು ತಲೆಕೆಳಗು ಮಾಡಿದವು. ಕನ್ನಡನಾಡಿನಲ್ಲಿ ಎಲ್ಲರೂ ಬಲ್ಲ ಮುಖವೇ ಗೂಢಚಾರನ ಮುಖವಾಯಿತು. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಪಳಗಿದ ನಟನೊಬ್ಬ ಗೂಢಚಾರನ ಪಾತ್ರ ವಹಿಸಿದಾಗ, ಸಾಲ ಕೊಟ್ಟ ಕಲಾವಿದರ ಕುಲಕ್ಕೆ ಸಾಲದ ಒಂದು ಭಾಗ ಮರಳಿ ಸಂದಂತಾಯಿತು. ಆದರೆ ಅದು ಸಂದದ್ದು ಬೆಳ್ಳಿತೆರೆಯ ನಟನಿಗೆ. ಬೀದಿಯ ನಟನಿಗೆ ಏನೂ ಬರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಕೌಟಿಲ್ಯನ ಚಾರರಲ್ಲಿ ವರ್ತಕನ ವೇಷದವನೂ ಗೃಹಸ್ಥನ ವೇಷದವನೂ ಇದ್ದಾರೆ. ಹಾಗಿರುವಾಗ ಕಲಾವಿದನೊಬ್ಬನೇ ನಷ್ಟಕ್ಕೆ ಗುರಿಯಾದನೆನ್ನುವುದು ಹೇಗೆ? ಉತ್ತರ ಸುಲಭ. ವರ್ತಕನಿಗೆ ಅಂಗಡಿಯಿದೆ, ಗೃಹಸ್ಥನಿಗೆ ಮನೆಯಿದೆ, ಇಬ್ಬರಿಗೂ ಸಾಕ್ಷಿ ನುಡಿಯುವ ನೆರೆಹೊರೆಯಿದೆ. ಸಂಶಯ ಅವರ ಮೇಲೆ ಬಂದರೂ ನಿಲ್ಲುವುದಿಲ್ಲ. ತಿರುಗಾಡುವವನಿಗೆ ಸಾಕ್ಷಿ ಯಾರು?

ಸಾಕ್ಷಿಯಿಲ್ಲದ ಈ ಸ್ಥಿತಿಯ ಬೆಲೆ ಕೇವಲ ಸಾಹಿತ್ಯಕವಾದುದಲ್ಲ. ರಾಯಚೂರಿಗೆ ರೈಲು ಕೂಡಿದ ಆ 1871ರಲ್ಲಿಯೇ ಬ್ರಿಟಿಷ್ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಶಾಸನ ಜಾರಿಗೆ ಬಂದು, ಹಲವು ಅಲೆಮಾರಿ ಕುಲಗಳು ಹುಟ್ಟಿನಿಂದಲೇ ಶಂಕಿತವೆಂದು ದಾಖಲಾದವು. 1952ರಲ್ಲಿ ಅವುಗಳಿಗೆ ಆ ಹಣೆಪಟ್ಟಿಯಿಂದ ಬಿಡುಗಡೆ ದೊರೆತರೂ ನೋಟ ಬದಲಾಗಲಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ, ಭಿಕ್ಷೆಗೆ ಬಂದಿದ್ದ ಅಲೆಮಾರಿ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂಬ ವದಂತಿಯಿಂದ ಜನ ಹೊಡೆದು ಕೊಂದರು. ಚಂದನದಾಸನ ಮನೆಯಲ್ಲಿ ಆಟ ನೋಡಲು ಮಗು ಹೊರಗೋಡಿ ಬಂದಿತ್ತು. ಇಲ್ಲಿ ಮಗುವಿನ ಹೆಸರಿನಲ್ಲಿಯೇ ಅಲೆಮಾರಿಗಳು ಸತ್ತರು. ಗೂಢಚಾರರ ಕಥೆಗಳೇ ಇದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ವೇಷದ ಹಿಂದೆ ಬೇರೊಬ್ಬನಿದ್ದಾನೆಂಬ ಭಾವನೆಯನ್ನು ರಾಜನೀತಿ, ನಾಟಕ, ಚರಿತ್ರೆ, ಚಲನಚಿತ್ರಗಳು ಬಹುಕಾಲ ಪೋಷಿಸಿವೆಯೆಂಬಷ್ಟೇ ನನ್ನ ವಾದ.

ವಿಮರ್ಶೆ ಈವರೆಗೆ ಗೂಢಚಾರನನ್ನು ಅವನ ಒಡೆಯನ ಕಡೆಯಿಂದ ಅಳೆದಿದೆ: ಸುದ್ದಿ ತಂದನೆ, ಗೆದ್ದನೆ, ಜಾಣನೆ ಎಂದು. ಇನ್ನು ಮುಂದೆ ಬಾಗಿಲು ತೆರೆದವರ ಕಡೆಯಿಂದಲೂ, ವಾದ್ಯವನ್ನು ಎರವಲು ಕೊಟ್ಟವರ ಕಡೆಯಿಂದಲೂ ಅಳೆಯಬೇಕಾಗಿದೆ. ರಾಯಚೂರು, ಮಾನ್ವಿ, ದೇವದುರ್ಗಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಈ ಕೆಲಸ ಬೇರೆಯವರಿಗಿಂತ ಸುಲಭ. ತಮ್ಮ ಓಣಿಗೆ ವೇಷ ಕಟ್ಟಿ ಬಂದವನ ಹೆಸರನ್ನು, ಊರನ್ನು, ಅವನು ಆಡಿದ ಆಟವನ್ನು ಕೇಳಿ ಬರೆದಿಡುವುದರಿಂದ ಅದು ಆರಂಭವಾಗಬಹುದು. ಹೆಸರಿಲ್ಲದ ಆ ನರ್ತಕಿಗೆ ಫೆರಿಶ್ತಾ ಮಾಡದ ಉಪಕಾರವನ್ನು ನಾವು ಈಗಿನ ವೇಷಗಾರನಿಗಾದರೂ ಮಾಡಿದಂತಾದೀತು.