ಹರಾಜಿನ ಪರವಾನಗಿ: ಒಂದು ವಿಮರ್ಶೆ

ನಿಯಂತ್ರಿತ ಮಾರುಕಟ್ಟೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1897ರ ಬೇರಾರ್ ಶಾಸನದಿಂದ ಆರಂಭಿಸಿ, 1928ರ ರಾಯಲ್ ಕೃಷಿ ಆಯೋಗದ ವರದಿಯನ್ನು ಹೊಗಳಿ, ನಮ್ಮ ರಾಜ್ಯದ 1966ರ ಕಾಯಿದೆಗೆ ಬಂದು ನಿಲ್ಲುತ್ತಾರೆ. ದಲ್ಲಾಳಿಯೂ ವರ್ತಕನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದಾಗ ರೈತನು ತನ್ನ ಸರಕಿನ ಬೆಲೆಯನ್ನು ಕಟ್ಟಕಡೆಗೆ ತಿಳಿಯುತ್ತಿದ್ದನು. ಬಹಿರಂಗ ಹರಾಜು ಆ ಮರೆಯನ್ನು ಕಿತ್ತೊಗೆಯಿತು. ಇದೇನೂ ಸಣ್ಣ ಉಪಕಾರವಲ್ಲ.

ಆದರೆ ಈ ನಿರೂಪಣೆಯಲ್ಲಿ ಒಂದು ಲೋಪವುಂಟು. ಸವಾಲು ಕೂಗುವ ವಿಧಾನ ಬಹಿರಂಗವಾಯಿತೇ ಹೊರತು, ಕೂಗುವ ಹಕ್ಕು ಬಹಿರಂಗವಾಗಲಿಲ್ಲ. ವರ್ತಕನಿಗೆ ಪರವಾನಗಿ ಕೊಡುತ್ತಿದ್ದುದು ಸ್ಥಳೀಯ ಮಾರುಕಟ್ಟೆ ಸಮಿತಿ. ಒಂದು ಊರಿನ ಪರವಾನಗಿ ಮತ್ತೊಂದು ಊರಿನಲ್ಲಿ ಸಲ್ಲುತ್ತಿರಲಿಲ್ಲ. ತಿಪಟೂರಿನ ಕೊಬ್ಬರಿಗೆ ಬೆಲೆ ಕೂಗಬೇಕೆಂದಿದ್ದ ಅರಸೀಕೆರೆಯ ವರ್ತಕನು ತಿಪಟೂರಿನಲ್ಲಿಯೂ ಪರವಾನಗಿ ಪಡೆಯಬೇಕಾಗಿತ್ತು. ಮೋಸಗಾರನನ್ನು ತಡೆಯಲು ಹಾಕಿದ ಬೇಲಿ ಪೈಪೋಟಿಗಾರನನ್ನೂ ತಡೆಯಿತು. ಬೇಲಿಯೊಳಗೆ ಉಳಿದವರು ದಿನವೂ ಪರಸ್ಪರ ಮುಖ ನೋಡುವವರು. ಅವರೆಲ್ಲರೂ ಕೂಡಿ ಮೌನವಾಗಿದ್ದರೆ ಗತಿಯೇನು? 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮು, ಮಾರುವವನು ಹುಸಿ ಸವಾಲು ಕೂಗಿಸಿ ಬೆಲೆ ಏರಿಸಿದರೆ ಕೊಳ್ಳುವವನನ್ನು ರಕ್ಷಿಸುತ್ತದೆ. ಕೊಳ್ಳುವವರ ಒಳಸಂಚಿನಿಂದ ಬೆಲೆ ಇಳಿದರೆ ಏನೆಂಬುದರ ಬಗೆಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. ಇಂಗ್ಲೆಂಡಾದರೋ 1927ರಲ್ಲಿಯೇ, ಪ್ರತ್ಯೇಕ ಶಾಸನದ ಮೂಲಕ, ಹಣಪಡೆದು ಸವಾಲಿನಿಂದ ಹಿಂದೆಸರಿಯುವ ವ್ಯಾಪಾರಿಗಳ ಒಪ್ಪಂದವನ್ನು ಅಪರಾಧವೆಂದು ಸಾರಿತ್ತು. ಮೂರು ವರ್ಷಗಳ ಅನಂತರ ಅದೇ ಸಾಮ್ರಾಜ್ಯದಡಿ ಕಾಯಿದೆ ರಚಿಸಿದವರಿಗೆ ಇದು ಗೊತ್ತಿರಲಿಲ್ಲವೆನ್ನುವುದು ಕಷ್ಟ.

2014ರಲ್ಲಿ ಬಂದ ಏಕೀಕೃತ ಮಾರುಕಟ್ಟೆಯನ್ನು ಇತ್ತೀಚಿನ ಲೇಖಕರು ಗಣಕಯಂತ್ರದ ವಿಜಯವೆಂದು ವರ್ಣಿಸುತ್ತಾರೆ. ನನಗೆ ಅಷ್ಟು ಉತ್ಸಾಹವಿಲ್ಲ. ಅಲ್ಲಿ ಮುಖ್ಯವಾದ ಬದಲಾವಣೆ ಯಂತ್ರದ್ದಲ್ಲ. ಒಂದೇ ಪರವಾನಗಿಯಿಂದ ಹಲವು ಮಾರುಕಟ್ಟೆಗಳಲ್ಲಿ ಸವಾಲು ಕೂಗಲು ದೊರೆತ ಅವಕಾಶದ್ದು.